ಲೈಲ್ ಎಳೆದ ತಂತಿ

ಲೈಲ್ ಎಳೆದ ತಂತಿ ಕಿತ್ತುಬಂದರೆ ಅದು ಅಂಟಿನ ತಪ್ಪೇ ಹೊರತು ಅವನದಲ್ಲ. ಅಮೆರಿಕದ ಮಿನ್ನೆಸೋಟದ ಆ ಸ್ಪೀಕರ್ ಕಾರ್ಖಾನೆಯಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ಬಾಗಿಲೆತ್ತರದ ಚೌಕಟ್ಟಿಗೆ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎಳೆದು ಅಂಟಿಸಿದ ಸಣ್ಣ ತಂತಿ, ಹಿಂದೆ ಸಾಲಾಗಿ ಅಯಸ್ಕಾಂತ. ತಂತಿ ಎಳೆಯುವ ಕೈ ಒಂದೇ ವೇಗದಲ್ಲಿ ಹೋಗಲೆಂದು ನಾವೆಲ್ಲ ಏನಾದರೊಂದು ಗುನುಗುತ್ತಿದ್ದೆವು. ಹೆಂಡತಿ ಆರ್ಲಿಸ್‌ಗೆಂದು ಒಂದು ಜೋಡಿ ಸ್ಪೀಕರ್ ಮಾಡಿಕೊಟ್ಟ ಮೇಲೆ ಲೈಲ್ ಗುನುಗುವುದನ್ನೇ ಬಿಟ್ಟ. ಜಂಬ ಬಂತು ಅಂತ ನಾವು ಆಡಿಕೊಂಡೆವು.

ಅವನು ತೀರಿಕೊಂಡ ಮರುವರ್ಷ ಆರ್ಲಿಸ್ ಆ ಜೋಡಿಯ ಎಡಗಡೆಯ ಸ್ಪೀಕರನ್ನು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು, ಕಾರ್ಖಾನೆ ಬಿಟ್ಟ ಮೇಲೆ ನಾನು ಹಾಕಿದ್ದ ರಿಪೇರಿ ಶೆಡ್ಡಿಗೆ ಬಂದಳು. ತಂತಿ ಸಡಿಲವಾಗಿ ಗರಗರ ಎನ್ನುತ್ತಿತ್ತು.

"ಗರಗರ ತೆಗಿ, ವರ್ನ್. ಆದ್ರೆ ಅವನು ಗುನುಗೋದು ಹೋಗ್ಬಾರ್ದು. ನಂಗೆ ಉಳಿದಿರೋದು ಅದೊಂದೇ."

ಪಾಪ, ಒಂಟಿ ಹೆಂಗಸು ಅಂದುಕೊಂಡೆ. ಅವಳು ಹೋದ ಮೇಲೆ ಹಾಳೆಗೆ ಕಿವಿಯಿಟ್ಟೆ. ಸ್ಪೀಕರಿಗೆ ಯಾವ ಸಂಪರ್ಕವೂ ಇರಲಿಲ್ಲ. ಒಳಗೆ ಲೈಲ್ ಗುನುಗುತ್ತಿದ್ದ. ಅದೇ ಹಳೇ ಪೋಲ್ಕಾ ಕುಣಿತದ ಧಾಟಿ, ನಡುವೆ ಅದೇ ಜಾಗದಲ್ಲಿ ಮೂಗೆಳೆಯುವುದು.

ಹೆದರಿದವನು ಸುಮ್ಮನಿರಬೇಕಿತ್ತು, ಆದರೆ ನನ್ನದು ಹಾಳು ಹಟ. ತಂತಿಯ ಕಾಲ ಮುಗಿಯಿತು, ಈಗ ಅಲ್ಯುಮಿನಿಯಂ ಪಟ್ಟಿಯ ಕಾಲ, ಹಗುರ, ಬಲು ಸ್ಪಷ್ಟ, ಅದನ್ನೇ ಹಾಕುತ್ತೇನೆ ಎಂದು ತಂತಿ ಸುಲಿಯತೊಡಗಿದೆ. ಒಂದೊಂದು ಎಳೆ ಕಿತ್ತಂತೆ ಒಂದೊಂದು ಸ್ವರ ಹೋಯಿತು. ಆಗಲೂ ನಿಲ್ಲಿಸಲಿಲ್ಲ, ಪಾಪಿ ನಾನು.

ಹೊಸ ಪಟ್ಟಿಯಲ್ಲಿ ಪಿಟೀಲು ಎಷ್ಟು ತಿಳಿಯಾಗಿ ಕೇಳಿತೆಂದರೆ ನನಗೇ ಹೆಮ್ಮೆಯಾಯಿತು. ಸ್ಪೀಕರ್ ಒಯ್ಯಲು ಬಂದ ಆರ್ಲಿಸ್ ಸಂಗೀತ ನಿಲ್ಲಿಸೆಂದಳು. ಕಿವಿಯಿಟ್ಟು ಬಹಳ ಹೊತ್ತು ಕೂತಳು. ಅವಳು ಎರಡನೇ ಸಲ ವಿಧವೆಯಾದದ್ದನ್ನು ಕಣ್ಣಾರೆ ನೋಡಿದೆ.

ಪಟ್ಟಿ ಕಿತ್ತೆಸೆದೆ. ಅವನ ಅಂಟಿನ ಗುರುತು ಹಾಳೆಯ ಮೇಲೆ ಇನ್ನೂ ಇತ್ತು. ಮೂರು ದಿನ ಕೂತು ಅದೇ ಗುರುತಿನ ಮೇಲೆ ಕಿತ್ತಿಟ್ಟಿದ್ದ ಅದೇ ತಂತಿಯನ್ನು ಎಳೆದೆ. ಕೈ ಒಂದೇ ವೇಗದಲ್ಲಿ ಹೋಗಲೆಂದು ಅವನ ಪೋಲ್ಕಾವನ್ನೇ ಗುನುಗಿದೆ.

ಆರ್ಲಿಸ್ ಮತ್ತೆ ಕಿವಿಯಿಟ್ಟಳು. ಮುಖ ಅರಳಿತು, ಹಾಗೇ ಬಾಡಿತು.

"ಇದು ಲೈಲ್ ಅಲ್ಲ ಕಣೋ. ನೀನು."

ಆದರೂ ಮನೆಗೆ ಒಯ್ದಳು. ಖಾಲಿ ಮನೆಯಲ್ಲಿ ಯಾರೋ ಒಬ್ಬರು ಇರಲಿ ಎಂದಳು.

ಮರುದಿನ ಬೆಳಿಗ್ಗೆ ಬೇರೆ ಗಿರಾಕಿಯ ಕೆಲಸಕ್ಕೆ ಕೂತೆ. ತಂತಿಯ ತುದಿ ಹಿಡಿದು ಎಂದಿನಂತೆ ಗುನುಗಹೋದೆ. ಬರೀ ಉಸಿರು ಬಂತು. ಇವತ್ತಿಗೂ ಅಷ್ಟೇ. ಲೈಲ್‌ಗೆ ಜಂಬ ಬಂದಿರಲಿಲ್ಲ.