ಟೂರಿಗೆ ಹೋದವರು

ಸವೇಲಿ ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಉರಲ್ ಸೀಮೆಯ ಆ ಸಣ್ಣ ಪಟ್ಟಣದಲ್ಲಿ ಬೇಸಿಗೆ ಬಂತೆಂದರೆ ಹಸುಗೂಸುಗಳೂ ಹುಲ್ಲಿನಲ್ಲಿ ಹೊರಳುವಾಗ, ಆರಡಿಯ ಈ ಮಹಾಶೂರ ಮಾಸಿದ ಮರಳುಬಣ್ಣದ ಕೋಟಿನೊಳಗೆ ಕುತ್ತಿಗೆ ಹುದುಗಿಸಿಕೊಂಡು ಡಾಂಬರು ಕಂಡಲ್ಲಿ ಮಾತ್ರ ಹೆಜ್ಜೆಯಿಡುತ್ತಿದ್ದ. ಹಿತ್ತಲಿನಿಂದ ಸಬ್ಬಸಿಗೆ ಸೊಪ್ಪು ಕಿತ್ತು ತಾ ಎಂದರೆ ಬೇಲಿಯ ಬಳಿಯೇ ನಿಂತುಬಿಡುತ್ತಿದ್ದ. "ಅಲ್ಲಿ ಹೂತಿರೋದು ಬಾಂಬಲ್ಲ, ಆಲೂಗಡ್ಡೆ ಕಣೋ ಅಳಿಯದೇವ್ರೇ!" ಎಂದು ಅತ್ತೆ ಕ್ಲಾವ್ದಿಯಾ ಕೂಗಿದರೂ ಕದಲುತ್ತಿರಲಿಲ್ಲ.

ಯುದ್ಧವೆಂಬ ಶಬ್ದ ಅವನ ಬಾಯಲ್ಲಿ ಬಂದದ್ದೇ ಇಲ್ಲ. ಸರ್ಕಾರದ ಸೇನೆ ಬಿಟ್ಟ ಮೇಲೆ, ಬಾಡಿಗೆ ಸೈನಿಕರನ್ನು ಸಾಕುವ ಖಾಸಗಿ ಕಂಪನಿಯೊಂದನ್ನು ಸೇರಿ, ಪರದೇಶದ ಮರುಭೂಮಿಯಲ್ಲಿ ಯಾರದೋ ತೈಲಬಾವಿಗಾಗಿ ಗುಂಡು ಹಾರಿಸಿ ಬಂದವನು, ಅದನ್ನು ಗುಮಾಸ್ತನಂತೆ 'ಟೂರು' ಎನ್ನುತ್ತಿದ್ದ. ಆ ಊರಿನಲ್ಲಿ ಅವನಂಥವರೆಲ್ಲ ಹಾಗೆಯೇ ಅನ್ನುವುದು. ಹಿಂದಿನ ಟೂರಿಗೆ ಕ್ಲಾವ್ದಿಯಾಳ ಮಗ ತೀಖನನನ್ನೂ ಕರೆದೊಯ್ದು ಒಬ್ಬನೇ ಮರಳಿದ. ಅಲ್ಲಿ ನಡೆದದ್ದನ್ನು ಬಾಯಿಬಿಡುವುದಿಲ್ಲವೆಂದು ಕಂಪನಿಗೆ ಬರೆದುಕೊಟ್ಟಿದ್ದನಂತೆ. ಸೇನೆಯ ಕಚೇರಿಯಲ್ಲಿ ವಿಚಾರಿಸಿದರೆ, "ಅವನು ನಮ್ಮವನಲ್ಲಮ್ಮ" ಎಂದು ಕೈತೊಳೆದುಕೊಂಡರು.

"ನನ್ನ ಮಗ ಇದಾನೋ ಇಲ್ವೋ? ಅಷ್ಟು ಹೇಳು ಸಾಕು."

"ಟೂರಲ್ಲಿದಾನೆ ಅತ್ತೆ. ಕಂಪನಿ ನೋಡ್ಕೊಳ್ಳುತ್ತೆ."

"ನಿನ್ನ ಕಂಪನಿಗೆ ಬೆಂಕಿ ಬೀಳ! ಬಾಯಲ್ಲೇನು ಕಡುಬು ತುರುಕ್ಕೊಂಡಿದೀಯಾ?"

ಎಷ್ಟು ಬೈದರೂ ಗೋರ್ಕಲ್ಲ ಮೇಲೆ ಮಳೆಗರೆದಂತೆ. ಅವಳಿಗೂ ಸಾಕುಸಾಕಾಗಿತ್ತು.

ತೀಖನನ ಹುಟ್ಟುಹಬ್ಬ ಬಂತು. ಹಟಮಾರಿ ಕ್ಲಾವ್ದಿಯಾ ಮಗನಿಲ್ಲದೆಯೇ ಮೇಜಿನ ತುಂಬ ಅಡುಗೆ ಹರಡಿ, ಅವನ ಜಾಗದಲ್ಲೂ ಒಂದು ಲೋಟ ತುಂಬಿಸಿಟ್ಟು, ತನ್ನ ವೋಡ್ಕಾ ಎತ್ತಿ, "ನನ್ನ ತೀಖನ ನೂರು ವರ್ಷ ಬಾಳಲಿ" ಎಂದು ಅಳಿಯನತ್ತ ಚಾಚಿದಳು. ಬದುಕಿರುವವರ ಹೆಸರಿಗೆ ಲೋಟಕ್ಕೆ ಲೋಟ ತಾಗಿಸುವುದು, ಸತ್ತವರಿಗಾದರೆ ತಾಗಿಸದೆ ಕುಡಿಯುವುದು ಅಲ್ಲಿನ ರೂಢಿ. ಸವೇಲಿ ಎದ್ದು ನಿಂತ. ಲೋಟವನ್ನು ಎದೆಗೆಳೆದುಕೊಂಡು, ಅವಳದಕ್ಕೆ ತಾಗಿಸದೆಯೇ, ಒಂದೇ ಗುಟುಕಿಗೆ ಕುಡಿದುಬಿಟ್ಟ. ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ.

ಅವಳು ಚಾಚಿದ ಲೋಟ ಗಾಳಿಯಲ್ಲೇ ಉಳಿಯಿತು. "ಮುಟ್ಠಾಳ," ಎಂದಳು ಕ್ಲಾವ್ದಿಯಾ, "ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತೇನೋ?" ತಾನೂ ತಾಗಿಸದೆ ಕುಡಿದು, ಸತ್ತವರಿಗೆ ಇಡುವಂತೆ ಮಗನ ಲೋಟದ ಮೇಲೆ ರೊಟ್ಟಿಯ ತುಂಡೊಂದನ್ನಿಟ್ಟು, ಗೊಳೋ ಎಂದು ಅತ್ತಳು.

ಬಾಡಿಗೆಯ ಯುದ್ಧ ಮಾಡುವವರ ಕುಲವೇ ಹೀಗೆ: ಕೋವಿ ಕೊಟ್ಟವನಿಗೆ ನಾಲಿಗೆಯನ್ನೂ ಒತ್ತೆಯಿಟ್ಟು ಬರುತ್ತಾರೆ. ತಾಯ್ನಾಡು ತನ್ನವರೆನ್ನದ ಈ ನತದೃಷ್ಟರಿಗೆ ಸಾಯುವ ಭಾಗ್ಯವೂ ಇಲ್ಲ. ಅವರಿಗಿರುವುದು ಟೂರು ಮಾತ್ರ, ಮನೆಯಲ್ಲಿ ಹೆತ್ತವಳೊಬ್ಬಳು ಬೈದು ಕಾಡಿ ಅದನ್ನು ಮುಗಿಸುವ ತನಕ.