ನಾಲ್ಕು ತುಂಡಾದ ನೀಲದುರ್ಗ

ಬೆಟಗೇರಿಯ ವಾಚನಾಲಯದಲ್ಲಿ ದಪ್ಪ ಪುಸ್ತಕವನ್ನು ಇಡಿಯಾಗಿ ಯಾರಿಗೂ ಕೊಡುತ್ತಿರಲಿಲ್ಲ. ಹೊಲಿಗೆ ಬಿಚ್ಚಿ, ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ರಟ್ಟು ಹಾಕಿಸುತ್ತಿದ್ದರು. ಒಂದು ಊರಲ್ಲೇ ಉಳಿಯುತ್ತಿತ್ತು. ಮಿಕ್ಕವು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರಿಗೆ ಬಸ್ಸಿನಲ್ಲಿ ಹೋಗುತ್ತಿದ್ದವು. ತಿಂಗಳಿಗೊಮ್ಮೆ ಭಾಗಗಳು ಊರು ಬದಲಿಸುತ್ತಿದ್ದವು. ಕಥೆಯನ್ನು ಮೊದಲಿನಿಂದ ಓದುವ ಭಾಗ್ಯ ಒಂದೇ ಊರಿಗೆ. ಉಳಿದವರು ನಡುವಿನಿಂದಲೋ ಕೊನೆಯಿಂದಲೋ ಆರಂಭಿಸುತ್ತಿದ್ದರು. ಸರದಿ ಮುಗಿದ ಮೇಲೆ ಎಲ್ಲರೂ ಬೆಟಗೇರಿಯಲ್ಲಿ ಸೇರಿ ಚರ್ಚಿಸುತ್ತಿದ್ದರು.

ಗದಗ ಹೊಸ ಜಿಲ್ಲೆಯಾದ ವರ್ಷ ಆ ಸರದಿಯನ್ನು ವಾಚನಾಲಯದ ಅಧ್ಯಕ್ಷರಾದ ಅಂದಾನಪ್ಪನವರೇ ಮುರಿದರು.

ಪುಸ್ತಕ ‘ನೀಲದುರ್ಗದ ಪಹರೆ’. ಬರೆದವನು ಲಕ್ಷ್ಮೇಶ್ವರದ ಕರೀಮಸಾಬ. ಶಾಲೆಯಲ್ಲಿ ಅಂದಾನಪ್ಪನವರ ಜೊತೆ ಒಂದೇ ಬೆಂಚಿನಲ್ಲಿ ಕುಳಿತು, ಅವರ ಪಾಟಿ ನೋಡಿ ಗಣಿತದಲ್ಲಿ ಪಾಸಾದವನು. ಮಾತನಾಡುವ ಗುಡ್ಡ, ಬೆಂಕಿ ಕುಡಿಯುವ ಹಕ್ಕಿ, ಕೋಟೆ ಕಾಯುವ ಕುಂಟ ರಾಜಕುಮಾರ, ಇಂಥವನ್ನೆಲ್ಲ ತುಂಬಿದ ಆ ಕಾದಂಬರಿಯನ್ನು ಜನ ಮೂವತ್ತು ವರ್ಷಗಳಿಂದ ಓದುತ್ತಲೇ ಇದ್ದರು; ವಾಚನಾಲಯದ ಸರದಿಗೆ ಅದು ಬಂದದ್ದು ಮಾತ್ರ ಇದೇ ಮೊದಲು. ಅಂದಾನಪ್ಪನವರೂ ಒಂದು ಕಾದಂಬರಿ ಬರೆದಿದ್ದರು: ‘ಸಮಬಾಹು’. ಮೂವರು ಒಡಹುಟ್ಟಿದವರು ಒಂದು ಮನೆಯನ್ನು ಸಮನಾಗಿ ಹಂಚಿಕೊಳ್ಳುವ ಕಥೆ. ಅದರಲ್ಲಿ ಒಂದು ಪದವೂ ಹೆಚ್ಚಿರಲಿಲ್ಲ. ಹರಿದು ಹಂಚುವ ಅಗತ್ಯವೂ ಬಿದ್ದಿರಲಿಲ್ಲ.

ಅವರು ಸರದಿ ಮುಗಿಯಲು ಬಿಡದೆ ‘ನೀಲದುರ್ಗ’ದ ಚರ್ಚೆಯನ್ನು ಒಂದೇ ತಿಂಗಳಿಗೆ ಗೊತ್ತುಮಾಡಿದರು. ಲೆಕ್ಕ ಸರಳವಾಗಿತ್ತು. ಒಂದೊಂದು ಊರಿಗೆ ಕಾಲುಭಾಗ ಮಾತ್ರ ಸಿಗುತ್ತದೆ. ಕಾಲುಭಾಗ ಓದಿದವನಿಗೆ ತಲೆಬುಡ ತಿಳಿಯುವುದಿಲ್ಲ. ತಿಳಿಯದ್ದನ್ನು ಜನ ಬೈಯುತ್ತಾರೆ. ಬೈದು ಮುಗಿದ ಮೇಲೆ ಮುಂದಿನ ಚರ್ಚೆಗೆ ‘ಸಮಬಾಹು’ವನ್ನು ಮುಂದಿಡುವುದು. ಜನ ತಮ್ಮ ಪುಸ್ತಕದ ಬಗ್ಗೆ ಒಂದು ದಿನವಾದರೂ ಬಾಯಿತುಂಬ ಮಾತನಾಡುವುದನ್ನು ಅವರು ಕೇಳಬೇಕಾಗಿತ್ತು. ಬೇರೆ ಆಸೆ ಅವರಿಗಿರಲಿಲ್ಲ.

ಆ ಭಾನುವಾರ ಕರೀಮಸಾಬನೂ ಬಂದು ಹಿಂದಿನ ಸಾಲಿನಲ್ಲಿ ಕುಳಿತ.

ಮೂರನೆಯ ಭಾಗ ಓದಿದ್ದ ಶಿರಹಟ್ಟಿಯ ಕಿರಾಣಿ ಅಂಗಡಿಯ ಫಕೀರೇಶ ಮೊದಲು ಎದ್ದ. “ಏನ್ರಿ ಇದು, ಪುಟಗಟ್ಲೆ ಬರೇ ಗುಡ್ಡಾ ಹತ್ತತಾರ! ಹತ್ತಿದ ಮ್ಯಾಲ ಆ ಗುಡ್ಡಾನ ಮಾತಾಡಾಕ ಸುರು ಮಾಡತೈತಿ. ಅದರ ಬಾಯಿ ಮುಚ್ಚಸಾವ್ರು ಯಾರೂ ಇಲ್ಲೇನ್ರಿ?”

ಅಂದಾನಪ್ಪನವರ ಎದೆ ತಂಪಾಯಿತು. “ಖರೆ. ಮುಂದ?”

“ಮುಂದೇನ್ರಿ, ಆ ಕುಂಟ ರಾಜಕುಮಾರ ದೊಡ್ಡ ಹೇಡಿ. ಕ್ವಾಟಿ ಬಿಟ್ಟು ಓಡಿಹೋಗ್ತಾನ.”

ಮೊದಲ ಭಾಗ ಓದಿದ್ದ ಬೆಟಗೇರಿಯ ನೇಕಾರ ರಫೀಕ ಕುಳಿತಲ್ಲೇ ಕೆರಳಿದ. “ಯಾರಿಗೆ ಹೇಡಿ ಅಂತೀಲೇ? ಅಣ್ಣನ್ನ ಉಳಸಾಕ ಹೋಗಿ ಕಾಲು ಕಳಕೊಂಡಾನ ಅವ!”

“ಹೌದಾ? ಹುಟ್ಟಾ ಕುಂಟ ಅಂತ ತಿಳದಿದ್ನೆಪಾ ನಾ.”

“ಜಗಳ ಯಾಕ್ರಿ,” ಎಂದರು ಮುಂಡರಗಿಯ ಶಿಕ್ಷಕಿ ನಾಗರತ್ನಾ, “ಕಡೀಕ ಅವ ಸಾಯ್ತಾನ. ನಾಕನೇ ಭಾಗ ಓದಿ ನನಗ ಊಟಾ ಸೇರ್ಲಿಲ್ಲ.”

“ಯಾಕ ಹೇಳಿದ್ರಿ ಬಾಯಾರ!” ಲಕ್ಷ್ಮೇಶ್ವರದ ಸಾಬೀರಾ ಚೀರಿದಳು. “ನನ್ನ ಭಾಗದಾಗ ಈಗರ ಅವಂದು ಮದುವಿ ಗೊತ್ತಾಗೇತ್ರಿ!”

ಸಭೆ ಸಭೆಯಾಗಿ ಉಳಿಯಲಿಲ್ಲ. ಒಬ್ಬರ ಕೈಯ ಭಾಗಕ್ಕೆ ಇನ್ನೊಬ್ಬರು ಕೈಹಾಕಿದರು. ಭಾಷೆ ಭಾರವೆಂದವರು, ಹಾಡುಗಳನ್ನು ಹಾರಿಸಿ ಓದಿದವರು, ಕಣ್ಣೀರಿಟ್ಟವರು, ಎಲ್ಲರೂ ಒಮ್ಮೆಲೇ ಮಾತನಾಡುತ್ತಿದ್ದರು. ರಫೀಕ ಫಕೀರೇಶನ ಭಾಗ ಎಳೆದ. “ಬೈದೀಯಲ್ಲೋ ಇದನ್ನ, ಕೊಡಿತ್ತ.”

“ಬೈದರೇನಾತು? ಬೈಯೂದು ಇನ್ನಾ ಮುಗದಿಲ್ಲ, ಬಿಡಲೇ!”

ಹಿಂದಿನ ಸಾಲಿನಲ್ಲಿ ಕರೀಮಸಾಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೈಸಿಕೊಂಡವನ ಮುಖ ಹಾಗಿರಬಾರದಾಗಿತ್ತು. ಅವನಿಗೆ ಬೈಗುಳವೂ ಸಿಹಿಯಾಗಿ ಸಿಕ್ಕುತ್ತಿತ್ತು. ಅಂದಾನಪ್ಪನವರು ಮೇಜು ಕುಟ್ಟಿದರು.

“ಆತು, ಸಾಕು. ಮುಂದಿನ ಚರ್ಚೆಗೆ ‘ಸಮಬಾಹು’ ತಗೊಳ್ಳೋಣು.”

ರಫೀಕ ಎಳೆಯುತ್ತಿದ್ದ ಭಾಗವನ್ನು ಕೈಬಿಟ್ಟ.

“ಅದನ್ನ ಎಲ್ಲಾರೂ ಓದೇವಲ್ರಿ ಸರ,” ಎಂದ ಫಕೀರೇಶ ವಿನಯದಿಂದ. “ಭಾಳ ಛಲೋ ಐತ್ರಿ.”

“ಹೌದ್ರಿ, ಛಲೋ ಐತಿ,” ಎಂದ ರಫೀಕ.

“ಎಲ್ಲಿ ಬ್ಯಾಸರಾತು, ಹೇಳ್ರಿ.”

“ಎಲ್ಲೂ ಇಲ್ರಿ ಸರ.”

“ಯಾರ ಮ್ಯಾಲರ ಸಿಟ್ಟು ಬಂತೇನು?”

ಸಾಬೀರಾ ಯೋಚಿಸಿ ತಲೆಯಾಡಿಸಿದಳು. “ಇಲ್ರಿ. ಎಲ್ಲಾರೂ ಒಳ್ಳೇವ್ರ ಅದಾರ್ರಿ ಅದ್ರಾಗ.”

ಅಷ್ಟೇ. ಮರುಕ್ಷಣ ಅವರೆಲ್ಲ ಕುಂಟ ರಾಜಕುಮಾರನ ಸಾವಿಗೆ ಮರಳಿದರು. ಅಂದಾನಪ್ಪನವರು ಸಭೆ ಮುಗಿಸದೆಯೇ ಹೊರಗೆ ನಡೆದರು.

ಬಸ್ ನಿಲ್ದಾಣದ ದಾರಿಯಲ್ಲಿ ಕರೀಮಸಾಬ ಅವರನ್ನು ಕೂಡಿಕೊಂಡ.

“ಅಂದಾನ್ಯಾ,” ಎಂದ ಕರೀಮಸಾಬ, “ನಿನ್ನ ಪುಸ್ತಕದಾಗ ಆ ನಡುವಿನ ತಂಗಿ ಖೊಟ್ಟಿ ಅದಾಳ ನೋಡು.”

ಅಂದಾನಪ್ಪನವರು ಗಕ್ಕನೆ ನಿಂತರು. “ಏನಂದಿ?”

“ಹುಟ್ಟಿದ ಮನಿ ಮೂರು ಪಾಲು ಮಾಡೂವಾಗ ಒಂದು ಮಾತರ ಆಡ್ತಾಳೇನು? ಬರಿಯೂವಾಗ ನಿನಗ ಪಾಲಿನ ಲೆಕ್ಕಾ ಸರಿ ಬರಬೇಕಾಗಿತ್ತು. ಅದಕ್ಕ ಆಕೀ ಬಾಯಿ ಹೊಲದಿ.”

“ಹೊಲದಿಲ್ಲ! ಆಕಿ ಸ್ವಭಾವನ ಹಂಗ!”

“ಆರನೇ ಅಧ್ಯಾಯದಾಗ ಬಾವೀಕಟ್ಟಿ ಮ್ಯಾಲ ನಿಂತು ಅಣ್ಣಗ ಬೈದಾವ್ಳು ಯಾರು ಹಂಗಾರ?”

ಬಾವಿಕಟ್ಟೆಯ ಆ ಮಾತನ್ನು ಈವರೆಗೆ ಯಾರೂ ಎತ್ತಿರಲಿಲ್ಲ. ಅದನ್ನು ನೆನಪಿಟ್ಟವನು ಜಗತ್ತಿನಲ್ಲಿ ಒಬ್ಬನಿದ್ದ. ಅವನು ಇವನೇ ಆಗಬೇಕಿತ್ತೇ?

ಲಕ್ಷ್ಮೇಶ್ವರದ ಬಸ್ಸು ಹೊರಡುವುದರಲ್ಲಿತ್ತು. ಕರೀಮಸಾಬ ಹತ್ತಿ ಕಿಟಕಿಯ ಪಕ್ಕ ಕುಳಿತ. ಅಂದಾನಪ್ಪನವರೂ ಹತ್ತಿದರು, ಅವನನ್ನು ಭುಜದಿಂದ ಒತ್ತಿ ಪಕ್ಕದಲ್ಲಿ ಕುಳಿತರು.

“ನೀ ಎಲ್ಲಿಗಿ?”

“ಸುಮ್ಮನಿರು. ಬಾವೀಕಟ್ಟಿ ಮಾತು ಬ್ಯಾರೆ, ಮನೀ ಮಾತು ಬ್ಯಾರೆ. ನಿನಗ ಓದಾಕ ಬರಂಗಿಲ್ಲ, ಕೇಳು.”