ಭಾವನ ಕೋಣೆಯ ಹಳೇ ಏಸಿ

ಅಕ್ಕನ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೇ ಕಿಟಕಿ ಏಸಿಗಳು ಆಳೆತ್ತರಕ್ಕೆ ಪೇರಿಕೊಂಡಿದ್ದವು. ಈಗ ಎಲ್ಲರ ಮನೆಯಲ್ಲೂ ಗೋಡೆಗೆ ನೇತುಹಾಕುವ ತೆಳ್ಳನೆಯ ಏಸಿಗಳೇ. ಕಿಟಕಿಯಲ್ಲಿ ಕೂತು ಗುರ್ ಎನ್ನುತ್ತಿದ್ದ ಆ ಕಬ್ಬಿಣದ ಪೆಟ್ಟಿಗೆಗಳನ್ನು ಜನ ಗುಜರಿಗೆ ಹಾಕುತ್ತಿದ್ದರೆ, ಅಕ್ಕನ ಗಂಡ ಭಾವ ಮತ್ತು ಅವಳ ತಮ್ಮ ಇಬ್ಬರೂ ಹುಡುಕಿಕೊಂಡು ಹೋಗಿ ಹೊತ್ತು ತರುತ್ತಿದ್ದರು. ಮುಚ್ಚಿದ ಹೋಟೆಲು, ಕೆಡವುತ್ತಿರುವ ಸಿನಿಮಾ ಥಿಯೇಟರು, ತೀರಿಕೊಂಡ ವಕೀಲರ ಕಚೇರಿ, ಎಲ್ಲಿ ಸುಳಿವು ಸಿಕ್ಕರೂ ಹಾಜರು. ತಂದದ್ದನ್ನು ಬಿಚ್ಚಿ, ತೊಳೆದು, ಬಣ್ಣ ಹೊಡೆದು, ಮತ್ತೆ ತಣ್ಣನೆ ಗಾಳಿ ಬರಿಸುವ ತನಕ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ. ತನ್ನ ಗಂಡನಿಗೆ ಇಬ್ಬರು ಹೆಂಡಿರು, ಒಬ್ಬಳು ತಾನು, ಇನ್ನೊಬ್ಬ ತನ್ನ ಒಡಹುಟ್ಟಿದ ತಮ್ಮ ಎಂದು ಅಕ್ಕ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ತಮ್ಮನಿಗೆ ಕೆಲಸ ಕಲಿಸಿದ್ದೂ ಭಾವನೇ. ಶಾಲೆ ಬಿಟ್ಟು ಅಲೆಯುತ್ತಿದ್ದವನ ಕೈಗೆ ಸ್ಪ್ಯಾನರ್ ಕೊಟ್ಟು, ಬೈದು, ತಲೆಗೆ ಮೊಟಕಿ, ಮೆಕ್ಯಾನಿಕ್ ಅನ್ನಿಸಿಕೊಳ್ಳುವ ಹಾಗೆ ಮಾಡಿದ್ದರು. ತಮ್ಮನ ತಲೆಗೂದಲು ನರೆತ ಮೇಲೂ ಅವರ ಬಾಯಲ್ಲಿ ಅವನು 'ಲೋ ಮರಿ'ಯೇ.

ಅಂಥ ಭಾವನಿಗೆ ಮರೆವು ಹಿಡಿಯಿತು. ಮೊದಮೊದಲು ಸ್ಕ್ರೂ ಎಲ್ಲಿಟ್ಟೆ ಎಂದು ತಡಕಾಡುತ್ತಿದ್ದರು. ಆಮೇಲೆ ಬಿಚ್ಚಿದ ಮಿಷನ್ನನ್ನು ಜೋಡಿಸಲು ಬಾರದೆ ಅದರೆದುರು ಸುಮ್ಮನೆ ಕೂತಿರತೊಡಗಿದರು. ಕೊನೆಕೊನೆಗೆ ಮಾತೂ ನಿಂತುಹೋಯಿತು. ಹೊತ್ತಲ್ಲದ ಹೊತ್ತಿನಲ್ಲಿ ಶೆಡ್ಡಿಗೆ ನುಗ್ಗಿ ತಗಡು ಎಳೆದಾಡಿ ಕೈ ಕೊಯ್ದುಕೊಳ್ಳುವುದು ಶುರುವಾದಾಗ ಅಕ್ಕ ತಮ್ಮನನ್ನು ಕರೆಸಿ, ಇದನ್ನೆಲ್ಲ ಎಲ್ಲಿಗಾದರೂ ಸಾಗಿಸು, ನನ್ನ ಕೈಲಾಗುವುದಿಲ್ಲ ಎಂದಳು.

ಅವನು ಸ್ವಲ್ಪ ಸಮಯ ಕೇಳಿದ. ಬಳಕೆಯ ವಸ್ತು, ಬಳಕೆಯ ಸದ್ದು ಕೆಲವರಿಗೆ ನೆನಪು ತರುತ್ತದೆ ಎಂದು ಡಾಕ್ಟರು ಯಾವಾಗಲೋ ಬಾಯಿಮಾತಿಗೆ ಅಂದಿದ್ದರು. ಅದನ್ನೇ ಅವನು ಗಟ್ಟಿಯಾಗಿ ಹಿಡಿದುಕೊಂಡ. ಶೆಡ್ಡಿನ ಮೂಲೆಯಲ್ಲಿ ಮುಂಭಾಗಕ್ಕೆಲ್ಲ ಮರದ ಪಟ್ಟಿ ಹೊಡೆದ, ಎಲ್ಲಕ್ಕಿಂತ ಹಳೆಯ ಏಸಿಯೊಂದಿತ್ತು. ಭಾವ ಅದನ್ನು ಯಾರಿಗೂ ಮುಟ್ಟಲು ಬಿಟ್ಟವರಲ್ಲ. ಪುರುಸೊತ್ತಾದಾಗ ಇಬ್ಬರೇ ಕೂತು ಮಾಡೋಣ ಎಂದು ಎತ್ತಿಟ್ಟಿದ್ದರು. ಅದನ್ನೇ ಎಳೆದು ತಂದು ಅವರ ಕೋಣೆಯಲ್ಲಿ, ಅವರ ಕುರ್ಚಿಯ ಎದುರಿಗೇ ಬಿಚ್ಚಿಕೊಂಡು ಕೂತ.

ಫ್ಯಾನಿನ ಮೋಟಾರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತಾಮ್ರದ ಕೊಳವೆಯಲ್ಲೊಂದು ಕಡೆ ಗ್ಯಾಸು ಸೋರಿಹೋಗಿತ್ತು. ಅವನು ಒಂದೊಂದನ್ನೂ ಭಾವನಿಗೆ ತೋರಿಸಿ, ಇದು ಹೀಗಾಗಿದೆ ನೋಡಿ, ಏನು ಮಾಡೋಣ ಎಂದು ಕೇಳುತ್ತ ಕೆಲಸ ಮಾಡಿದ. ಅವರು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ಮಾತ್ರ, ಗಾಳಿ ತಣಿಸುವ ಕಾಯಿಲಿನ ಮೇಲಿನ, ಕಾಗದದಷ್ಟು ತೆಳ್ಳಗಿನ ಅಲ್ಯುಮಿನಿಯಂ ಎಲೆಗಳು ಬಾಗಿದ್ದನ್ನು ಅವನು ಬಾಚಣಿಗೆಯಂಥ ಹತಾರದಿಂದ ನೆಟ್ಟಗೆ ಮಾಡುತ್ತಿದ್ದಾಗ, ಭಾವ ಎದ್ದು ಬಂದು ಹತಾರವನ್ನು ಅವನ ಕೈಯಿಂದ ತೆಗೆದುಕೊಂಡರು. ನೆಲಕ್ಕೆ ಕೂತು, ಮೇಲಿಂದ ಕೆಳಗೆ, ಮೇಲಿಂದ ಕೆಳಗೆ, ಒಂದೆಲೆಯೂ ಮುರಿಯದಂತೆ ಬಾಚಿದರು. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ದಿನ ಅವನು ಮನೆಗೆ ಹೋಗುವಾಗ ಬಸ್ಸಿಗೂ ಕಾಯದೆ ನಡೆದೇ ಹೋದ.

ಮರುದಿನ ಬಂದು ನೋಡಿದರೆ ಎಲೆಗಳೆಲ್ಲ ಮಗುಚಿ ಅಪ್ಪಚ್ಚಿಯಾಗಿದ್ದವು. ಭಾವ ಹೆಬ್ಬೆರಳಿನಿಂದ ಅವನ್ನು ಒಂದೊಂದಾಗಿ ಒತ್ತುತ್ತ ಕೂತಿದ್ದರು. ಬೆರಳ ತುದಿ ಕೊಯ್ದು ರಕ್ತ ಜಿನುಗುತ್ತಿತ್ತು. ಅವನು ಬೆರಳಿಗೆ ಪಟ್ಟಿ ಕಟ್ಟಿದ, ತಗಡು ತಾಗಿತು ಎಂದು ಅಕ್ಕನಿಗೆ ಸುಳ್ಳು ಹೇಳಿದ, ಮತ್ತೆ ಮೊದಲಿನಿಂದ ಬಾಚತೊಡಗಿದ. ಇಲ್ಲಿಗೆ ಬಿಟ್ಟುಬಿಡಬೇಕೆಂದು ಅವನ ಮನಸ್ಸಿಗೆ ಬರದೆ ಇರಲಿಲ್ಲ.

ಕೊನೆಗೂ ಏಸಿ ತಯಾರಾಯಿತು. ಪಕ್ಕದ ಮನೆಯ ಡ್ರೈವರನ್ನು ಕೂಗಿ, ಇಬ್ಬರೂ ಏದುಸಿರು ಬಿಡುತ್ತ ಎತ್ತಿ ಕಿಟಕಿಗೆ ಕೂರಿಸಿದರು. ಸೆಕೆಗೆ ಗೋಡೆಯೂ ಬೆಚ್ಚಗಿದ್ದ ದಿನ ಅದು. ಗುಂಡಿ ತಿರುಗಿಸಿದಾಗ ಫ್ಯಾನು ಮೊದಲು ಹೊರಟಿತು, ಆಮೇಲೆ ಒಳಗಿನಿಂದ ದಪ್ಪ ದನಿಯ ಗುರ್ ಎದ್ದಿತು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಗಾಳಿ ತಣ್ಣಗಾಗುತ್ತ ಬಂತು. ಎಷ್ಟೋ ಸಲ ಇಬ್ಬರೂ ಒಟ್ಟಿಗೆ ಮುಖವೊಡ್ಡಿ ನಿಂತದ್ದು ಇಂಥ ಗಾಳಿಗೇ. ಅವನು ಮಿಷನ್ನನ್ನು ನೋಡಲಿಲ್ಲ, ಭಾವನ ಮುಖವನ್ನೇ ನೋಡುತ್ತ ನಿಂತ.

ಭಾವ ತೋಳುಗಳನ್ನು ಎದೆಗೆ ಅವುಚಿಕೊಂಡರು.

"ಚಳಿ. ಆರಿಸಿ."

ತಿಂಗಳುಗಳ ಮೇಲೆ ಗಂಡನ ಬಾಯಲ್ಲಿ ಅರ್ಥವಿರುವ ಮಾತು ಕೇಳಿ ಅಕ್ಕ ಹತ್ತಿರ ಬಂದಳು. "ಮಾತಾಡಿದ್ರು ಕಣೋ, ಮಾತಾಡಿದ್ರು," ಎನ್ನುತ್ತ ಅವರ ಬೆನ್ನು ಸವರಿದಳು. ತಮ್ಮನ ಕಿವಿಯಲ್ಲಿ ಮಾತ್ರ 'ಆರಿಸಿ' ಎಂಬ ಆ ಮರ್ಯಾದೆಯೇ ನಿಂತುಬಿಟ್ಟಿತು. ಅವನಿಗೆ ಭಾವ ಎಂದಾದರೂ ಬಹುವಚನ ಹಚ್ಚಿದ್ದುಂಟೆ?

ಅವನು ಆರಿಸಿದ. ಅಕ್ಕ ಗಂಡನ ಗಲ್ಲ ಹಿಡಿದು ತಮ್ಮನ ಕಡೆ ತಿರುಗಿಸಿ, ಇದು ಯಾರು ಹೇಳಿ, ಇದು ಯಾರು ಎಂದು ಕೇಳಿದಳು. ಬೇಡ ಅಕ್ಕ ಎಂದು ಅವನು ಅನ್ನುವಷ್ಟರಲ್ಲಿ ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಳ್ಳೆಯ ಮನಸ್ಸಿನಿಂದಲೇ ನೋಡಿದರು.

"ರಿಪೇರಿಯವರಲ್ವಾ? ಪಾಪ, ಬೆಳಗ್ಗೆಯಿಂದ ದುಡೀತಾ ಇದಾರೆ. ನೀರು ಕೊಟ್ಟು ಕಳಿಸಮ್ಮ."

ಅಮ್ಮ ಎಂದದ್ದು ತನಗೇ ಎಂದು ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಅಳಲಿಲ್ಲ. ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ತಮ್ಮನ ಕೈಗಿಟ್ಟಳು. ಅವನು ಹೊರಗಿನವನ ಹಾಗೆ ನಿಂತುಕೊಂಡೇ ಕುಡಿದ.

ಆಮೇಲೆ ಹಿತ್ತಲಲ್ಲಿ ಅಕ್ಕ ಅವನ ಮುಖ ನೋಡದೆ ಹೇಳಿದಳು. "ನೀನು ಅವರಿಗೋಸ್ಕರ ಮಾಡ್ತಿದೀಯ ಅಂದ್ಕೊಂಡಿದ್ದೆ. ನಿನಗೋಸ್ಕರ ಮಾಡ್ಕೊಂಡೆ ನೀನು. ನಂಗೂ ಆಸೆ ಹಚ್ಚಿಬಿಟ್ಟೆ."

ಅವನು ಹೌದೆಂದ. ಅವಳ ಮಾತಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ.

ಅದೇ ವಾರ ಗುಜರಿಯವನ ಲಾರಿ ಬಂತು. ಭಾವನ ಕೋಣೆಯದೂ ಸೇರಿ ಒಂದೊಂದು ಏಸಿಯನ್ನೂ ಅವನೇ ಒಂದು ಕಡೆ ಹಿಡಿದು ಏರಿಸಿದ. ಯಾವುದು ಎಲ್ಲಿಂದ ಬಂದದ್ದು ಎಂದು ಅವನಿಗೆ ಗೊತ್ತಿತ್ತು, ಹೇಳಿದರೆ ಕೇಳುವವರಿರಲಿಲ್ಲ. ಗುಜರಿಯವನು ಲಾರಿಯ ಮೇಲೆಯೇ ಸುತ್ತಿಗೆ ತೆಗೆದು ತಾಮ್ರ ಬೇರೆ, ತಗಡು ಬೇರೆ ಮಾಡತೊಡಗಿದ. ಆ ಸದ್ದಿಗೆ ಭಾವ ಅಂಗಳಕ್ಕೆ ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, ಅಕ್ಕ ಕರೆದಾಗ ಒಳಗೆ ಹೋದರು.

ಅವನು ಈಗಲೂ ಪ್ರತಿ ವಾರ ಅಕ್ಕನ ಮನೆಗೆ ಹೋಗುತ್ತಾನೆ. ಭಾವನ ಗಡ್ಡ ತೆಗೆಯುತ್ತಾನೆ, ಉಗುರು ಕತ್ತರಿಸುತ್ತಾನೆ. ಅವರು ಪ್ರತಿ ಸಲವೂ ಹೊಸಬನನ್ನು ಕಂಡಂತೆ ನಕ್ಕು, ಕೂತ್ಕೊಳಿ ಎಂದು ಕುರ್ಚಿ ತೋರಿಸುತ್ತಾರೆ. ಅವನು ಕೂರುತ್ತಾನೆ.